ಮಗಳು ಆರ್ಮಿ ರಿಸರ್ವ್ ಸೇರುತ್ತಾಳಂತೆ, ಏನು ಹೇಳಲಿ?

ಮಿಸಿಸಾಗಾ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ 19, ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷ. ಹೋದ ವಾರ ಊಟಕ್ಕೆ ಕೂತಾಗ ಕೆನಡಾ ಆರ್ಮಿ ರಿಸರ್ವ್, ಅಂದರೆ ಪಾರ್ಟ್‌ಟೈಮ್ ಸೇನೆ, ಸೇರುತ್ತೇನೆ ಅಂದಳು. ಅದೂ ಕಾಂಬ್ಯಾಟ್ ಎಂಜಿನಿಯರ್ ಆಗಿ. ಆಫೀಸ್ ಕೆಲಸ ಅಂದಿದ್ದರೆ ಇಷ್ಟು ಗಾಬರಿ ಆಗುತ್ತಿರಲಿಲ್ಲ. ಇದು ಸೇತುವೆ ಕಟ್ಟುವುದು, ಮೈನ್ ತೆಗೆಯುವುದು, ಸ್ಫೋಟಕ ಇಡುವುದು. ಅವಳು ಇರುವುದೇ 5 ಅಡಿ 2 ಇಂಚು. ಹುಡುಗಿಯರ ಮೈಗೆ ಇದು ಆಗುತ್ತಾ? ಓದು ಹಾಳಾಗುತ್ತಾ? ಯುದ್ಧಕ್ಕೆ ಕಳಿಸಿಬಿಡುತ್ತಾರಾ? ಯಜಮಾನರು ಮಾತೇ ಆಡುತ್ತಿಲ್ಲ, ಅತ್ತೆಯವರಿಗೆ ಇನ್ನೂ ಹೇಳಿಲ್ಲ. ಗೊತ್ತಿರುವವರು ದಯವಿಟ್ಟು ತಿಳಿಸಿ.

ತುಮಕೂರು ಟು ಟೊರಾಂಟೋ:
ಮೇಡಂ, ಈ ವಯಸ್ಸಿನಲ್ಲಿ ಎಲ್ಲ ಹೀಗೇ. ನಮ್ಮವನು ಪೈಲಟ್ ಆಗುತ್ತೇನೆ ಅನ್ನುತ್ತಿದ್ದ, ಈಗ ಅಕೌಂಟಿಂಗ್. ಸುಮ್ನೆ ಇರಿ, ತಾನಾಗಿ ಇಳಿಯುತ್ತೆ.

ರಿಸರ್ವ್ ಅಕ್ಕ:
ನಾನು ರಿಸರ್ವ್‌ನಲ್ಲಿ ವೆಹಿಕಲ್ ಟೆಕ್ನಿಷಿಯನ್. ಟ್ರಕ್ ಕೆಳಗೆ ಮಲಗಿ ಕೆಲಸ ಮಾಡುವವಳು, ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಓದಿನ ವಿಷಯ ಮೊದಲು. ಸಾಮಾನ್ಯವಾಗಿ ವಾರಕ್ಕೊಂದು ಸಂಜೆ, ತಿಂಗಳಿಗೊಂದು ವೀಕೆಂಡ್ ಇರುತ್ತೆ. ದೊಡ್ಡ ಟ್ರೈನಿಂಗ್ ಬೇಸಿಗೆ ರಜೆಯಲ್ಲಿ. ಫೀಸಿಗೂ ವರ್ಷಕ್ಕೆ 2,000 ಡಾಲರ್‌ವರೆಗೆ ವಾಪಸ್ ಸಿಗುತ್ತೆ. ಆದರೆ ಪರೀಕ್ಷೆ ಹತ್ತಿರ ಬಂದಾಗ ವೀಕೆಂಡ್ ಸೇನಾ ಅಭ್ಯಾಸ ಇದ್ದರೆ ಕಷ್ಟ. ಮುಂಚೆಯೇ ಯುನಿಟ್‌ಗೆ ಹೇಳಿಕೊಳ್ಳಬೇಕು.

ಇನ್ನು ಮೈ. ಫೋರ್ಸ್ ಅಂತ ಒಂದು ಫಿಟ್ನೆಸ್ ಪರೀಕ್ಷೆ ಇದೆ. ಗಂಡು, ಹೆಣ್ಣು, 18, 45 ಯಾರಿಗಾದರೂ ಪಾಸ್ ಆಗುವ ಅಳತೆ ಒಂದೇ. 20 ಕೆಜಿ ಮರಳಿನ ಮೂಟೆಯನ್ನು ಸುಮಾರು ಸೊಂಟದ ಎತ್ತರಕ್ಕೆ 30 ಸಲ ಎತ್ತಬೇಕು, ಮೂರೂವರೆ ನಿಮಿಷದೊಳಗೆ. ಇಂಡಿಯನ್ ಸ್ಟೋರಿನ 20 ಪೌಂಡ್ ಅಕ್ಕಿ ಚೀಲ ಎರಡನ್ನು ಒಟ್ಟಿಗೆ ಎತ್ತಿದ ಹಾಗೆ ಅಂದುಕೊಳ್ಳಿ. ಜೊತೆಗೆ ನೆಲಕ್ಕೆ ಮಲಗಿ ಎದ್ದು ಓಡುವುದು 51 ಸೆಕೆಂಡಿನಲ್ಲಿ, ಮೂಟೆ ಹೊತ್ತು ಹೋಗಿ ಬರುವುದು, ಕೊನೆಗೆ ಒಂದು ಮೂಟೆ ಎತ್ತಿಕೊಂಡು ನಾಲ್ಕನ್ನು 20 ಮೀಟರ್ ಎಳೆಯುವುದು. ಚಿಕ್ಕ ಹುಡುಗಿಯರಿಗೆ ಈ ಎಳೆಯುವುದೇ ಕಷ್ಟ, ಯಾಕೆಂದರೆ ಅಲ್ಲಿ ಮೈತೂಕ ಲೆಕ್ಕಕ್ಕೆ ಬರುತ್ತೆ. ಬರೀ ಟ್ರೆಡ್‌ಮಿಲ್ ಓಡಿದರೆ ಪ್ರಯೋಜನವಿಲ್ಲ. ಡೆಡ್‌ಲಿಫ್ಟ್, ಸ್ಕ್ವಾಟ್, ಕೈಹಿಡಿತ, ಇವನ್ನು ತಿಂಗಳುಗಟ್ಟಲೆ ಮಾಡಬೇಕು.

ಫೋರ್ಸ್ ಪಾಸ್ ಆದರೆ ಮುಗಿಯಿತು ಅಂದುಕೊಳ್ಳಬೇಡಿ. ಕಾಂಬ್ಯಾಟ್ ಎಂಜಿನಿಯರ್ ಕೆಲಸ ಅದಕ್ಕಿಂತ ಭಾರ. ಬೈಲಿ ಸೇತುವೆ ಅಂದರೆ ತುಂಡು ತುಂಡು ಜೋಡಿಸಿ ಬೇಗ ಕಟ್ಟುವ ಸೇತುವೆ, ಅದರ ಒಂದು ಪ್ಯಾನಲ್ 260 ಕೆಜಿ ಹತ್ತಿರ, ಆರು ಜನ ಸೇರಿ ಹೊರುತ್ತಾರೆ. ಆರು ಜನರಲ್ಲಿ ಒಬ್ಬಳು ಕುಳ್ಳಗಿದ್ದರೆ ಭಾರವೆಲ್ಲ ಒಂದು ಕಡೆ ವಾಲುತ್ತೆ, ಅದಕ್ಕೆ ಎತ್ತರ ನೋಡಿ ನಿಲ್ಲಿಸುತ್ತಾರೆ. ಬ್ಯಾಗಿನ ಸೊಂಟದ ಪಟ್ಟಿ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಭಾರವೆಲ್ಲ ಭುಜಕ್ಕೆ. ಬೂಟು ಅಳತೆ ಸರಿ ಇಲ್ಲ ಅಂದರೆ ಬದಲಿಸಿಕೊಡಿ ಅಂತ ಕೇಳಲು ನಾಚಿಕೆ ಬೇಡ. ಐರನ್, ವಿಟಮಿನ್ ಡಿ ಈಗಲೇ ಟೆಸ್ಟ್ ಮಾಡಿಸಿ, ಟ್ರೈನಿಂಗಿನಲ್ಲಿ ಹುಡುಗಿಯರಿಗೆ ಕಾಲಿನ ಮೂಳೆ ಸೀಳುವುದು ಗಂಡುಮಕ್ಕಳಿಗಿಂತ ಜಾಸ್ತಿ.

ಮಲ್ಲೇಶ್ವರಂ ಮಾಮಿ:
ಐರನ್ ಅಂದರೆ ಮಾಂಸ ತಿನ್ನಿಸುತ್ತಾರಾ? ನಮ್ಮ ಮಕ್ಕಳು ಅಲ್ಲಿ ಏನು ತಿನ್ನುತ್ತಾರೆ?

ರಿಸರ್ವ್ ಅಕ್ಕ:
ಯಾರೂ ತಿನ್ನಿಸುವುದಿಲ್ಲ ಆಂಟಿ. ಸಸ್ಯಾಹಾರಿ ಪ್ಯಾಕೆಟ್ ಇರುತ್ತೆ. ರುಚಿ ಕೇಳಬೇಡಿ. ಚಟ್ನಿಪುಡಿ ಜೇಬಿನಲ್ಲಿ ಇಟ್ಟುಕೊಂಡು ಹೋಗುವವರಿದ್ದಾರೆ.

1988ರಿಂದ ಇಲ್ಲೇ:
ಎಲ್ಲರೂ ಮೂಟೆ ಲೆಕ್ಕ ಹಾಕುತ್ತಾ ಕೂತಿದ್ದೀರಲ್ಲ. ನಾನು ಬಿಡಿಸಿ ಹೇಳುತ್ತೇನೆ. ನಾವು ಊರು, ತೋಟ, ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟು ಬಂದದ್ದು ಮಕ್ಕಳನ್ನು ಇನ್ಯಾರದೋ ಯುದ್ಧಕ್ಕೆ ಕಳಿಸುವುದಕ್ಕಲ್ಲ. ಅಫ್ಘಾನಿಸ್ತಾನದಲ್ಲಿ ಈ ದೇಶದ 158 ಸೈನಿಕರು ಸತ್ತರು. ಒಬ್ಬ ಹುಡುಗಿ, ಕ್ಯಾಪ್ಟನ್, 2006ರಲ್ಲಿ ಹೋದಳು. ಟಿವಿಯಲ್ಲಿ ಆ ಪೆಟ್ಟಿಗೆ ಬಂದದ್ದನ್ನು ನಾನು ನೋಡಿದ್ದೇನೆ. ನಿಮ್ಮ ಮಗಳಿಗೆ ಸಿವಿಲ್ ಸೀಟು ಸಿಕ್ಕಿದೆ, ಓದಿ ಪಿ.ಎಂಜಿ. (ಎಂಜಿನಿಯರ್ ಲೈಸೆನ್ಸ್) ಮಾಡಲಿ. ಇಲ್ಲವೇ ಬ್ಯಾಂಕಿಂಗ್ ಕಡೆ ತಿರುಗಿಸಿ. ಮಕ್ಕಳು ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ಇಲ್ಲಿನ ರೋಗ.

ಕೊಡಗಿನವಳು, ಕ್ಯಾಲ್ಗರಿ:
ಸಾರ್, ಕಾರ್ಯಪ್ಪ, ತಿಮ್ಮಯ್ಯ ಅವರ ಊರಿನವಳು ನಾನು. ನಮ್ಮಲ್ಲಿ ಮನೆಗೊಬ್ಬರು ಯೂನಿಫಾರ್ಮ್ ಹಾಕಿದವರು. ನನಗೆ ಎನ್‌ಸಿಸಿ ಕ್ಯಾಂಪಿಗೆ ಹೋಗಲೂ ಅಪ್ಪ ಬಿಡಲಿಲ್ಲ, ಅಣ್ಣನಿಗೆ ಬಿಟ್ಟರು. ಈಗಲೂ ಆ ಹೊಟ್ಟೆಯುರಿ ಹೋಗಿಲ್ಲ. 2024ರಲ್ಲಿ ವಯನಾಡಿನ ಚೂರಲ್‌ಮಲದಲ್ಲಿ 190 ಅಡಿ ಬೈಲಿ ಸೇತುವೆ ಕಟ್ಟಿದ್ದು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನವರು. ಆ ತಂಡದ ಮುಂದೆ ನಿಂತಿದ್ದವರು ಮೇಜರ್ ಸೀತಾ ಶೆಲ್ಕೆ. ಇಲ್ಲಿ ನೋಡಿದರೆ, ಅದೇ ವರ್ಷ ಇಡೀ ಕೆನಡಾ ಸೇನೆಯ ಮುಖ್ಯಸ್ಥೆಯಾದ ಜೆನಿ ಕ್ಯಾರಿನ್ಯಾನ್ ಕೂಡ ಕಾಂಬ್ಯಾಟ್ ಎಂಜಿನಿಯರ್ರೇ, ನಾಲ್ಕು ಮಕ್ಕಳ ತಾಯಿ. ಹೆಣ್ಣುಮಕ್ಕಳಿಗೆ ಆಗುತ್ತಾ ಅಂತ ಕೇಳುವ ಕಾಲ ಮುಗಿಯಿತು.

ಒಟ್ಟಾವಾ ಓದುಗ:
ಹೆಸರು ಹೇಳಿ ಹೆಮ್ಮೆ ಪಡುವುದು ಸರಿ, ಇನ್ನೊಂದು ವಿಷಯವನ್ನು ಯಾಕೆ ಯಾರೂ ಎತ್ತುತ್ತಿಲ್ಲ? ಸೇನೆಯೊಳಗಿನ ಲೈಂಗಿಕ ಕಿರುಕುಳದ ಬಗ್ಗೆ 2015ರಲ್ಲಿ ದೆಶಾಂ ವರದಿ ಬಂತು, 2022ರಲ್ಲಿ ಲೂಯಿಸ್ ಆರ್ಬರ್ ವರದಿ ಬಂತು. ಇಬ್ಬರೂ ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿಗಳು. 2019ರಲ್ಲಿ ಸರ್ಕಾರ 900 ಮಿಲಿಯನ್ ಡಾಲರ್‌ವರೆಗೆ ಪರಿಹಾರಕ್ಕೆ ಒಪ್ಪಿತು. ತಾಯಿಗೆ ಚಿಂತೆ ಆಗಬೇಕಾದದ್ದು ಮೂಟೆಯ ಬಗ್ಗೆ ಅಲ್ಲ, ಇದರ ಬಗ್ಗೆ.

ರಿಸರ್ವ್ ಅಕ್ಕ:
ನಿಜ, ಅದನ್ನು ಮುಚ್ಚಿಡುವುದಿಲ್ಲ. ಯುನಿಟ್ ಆರಿಸುವಾಗ ಅಲ್ಲಿ ಎಷ್ಟು ಹೆಂಗಸರಿದ್ದಾರೆ, ಸಾರ್ಜೆಂಟ್ ಮಟ್ಟದಲ್ಲಿ ಯಾರಾದರೂ ಇದ್ದಾರಾ, ಬಿಟ್ಟುಹೋದವರು ಯಾಕೆ ಬಿಟ್ಟರು, ಇದನ್ನೆಲ್ಲ ಕೇಳಲಿ. ಟೊರಾಂಟೋದಲ್ಲಿ 32 ಕಾಂಬ್ಯಾಟ್ ಎಂಜಿನಿಯರ್ ರೆಜಿಮೆಂಟ್ ಇದೆ, ಹೋಗಿ ನೋಡಿ ಮಾತಾಡಿ ಬರಲಿ, ಅಂದೇ ಸಹಿ ಹಾಕಬೇಕಾಗಿಲ್ಲ.

ಅಂಕಲ್ ಹೇಳಿದ ಯುದ್ಧದ ಮಾತಿಗೆ: ವಿದೇಶದ ಡ್ಯೂಟಿಗೆ ರಿಸರ್ವ್‌ನವರು ಹೋಗುವುದು ತಾವಾಗಿ ಒಪ್ಪಿದರೆ. ನಮ್ಮಲ್ಲಿ ಜಾಸ್ತಿ ಜನ ಹೋಗುವುದು ಇಲ್ಲೇ, ಪ್ರವಾಹಕ್ಕೆ, ಕಾಡ್ಗಿಚ್ಚಿಗೆ.

1988ರಿಂದ ಇಲ್ಲೇ:
ಇವತ್ತು ಒಪ್ಪಿದರೆ ಅನ್ನುತ್ತಾರೆ. ನಿಜವಾದ ಯುದ್ಧ ಬಂದರೆ ಸರ್ಕಾರ ಕೇಳುತ್ತಾ?

ಕೊಡಗಿನವಳು, ಕ್ಯಾಲ್ಗರಿ:
ಯುದ್ಧ ಬಂದರೆ ಬ್ಯಾಂಕಿನಲ್ಲಿ ಕೂತವರೂ ಉಳಿಯುವುದಿಲ್ಲ ಸಾರ್. 2013ರಲ್ಲಿ ಕ್ಯಾಲ್ಗರಿ ಮುಳುಗಿದಾಗ ಬಂದವರು ಯಾರು?

1988ರಿಂದ ಇಲ್ಲೇ:
ನನಗೆ ಪಾಠ ಬೇಡ ಅಮ್ಮ.

ಪೇಪರ್ ಕೆಲಸದವನು:
ಜಗಳದ ಮಧ್ಯೆ ಒಂದು ಮುಖ್ಯ ವಿಷಯ. ವಿದೇಶಿ ಸೇನೆಯಲ್ಲಿ ಇರುವವರಿಗೆ, ಇದ್ದು ನಿವೃತ್ತರಾದವರಿಗೆ ಒಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಕೊಡುವುದಿಲ್ಲ ಅಂತ ಭಾರತ ಸರ್ಕಾರದ ನಿಯಮದಲ್ಲಿಯೇ ಇದೆ. ಅಜ್ಜಿಮನೆಗೆ ಹೋಗಿಬರುವ ಮಕ್ಕಳು ಸೇನೆಗೆ ಸಹಿ ಹಾಕುವ ಮೊದಲು ಇದನ್ನು ನೋಡಿಕೊಳ್ಳಬೇಕು. ಟ್ರೈನಿಂಗ್, ಫೀಸು, ಬೂಟು ಎಲ್ಲ ಆಮೇಲೆ.

ಮಿಸಿಸಾಗಾ ಅಮ್ಮ:
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಅವಳ ಹತ್ತಿರ ಆಗಲೇ ಒಸಿಐ ಇದೆಯಲ್ಲ, ಸೇರಿದರೆ ಅದು ಹೋಗುತ್ತಾ? ಕಾನ್ಸುಲೇಟ್‌ಗೆ ಬರೆದು ಕೇಳಬೇಕಾ? ಯಾರಿಗಾದರೂ ಹೀಗೆ ಆಗಿದೆಯಾ?

1988ರಿಂದ ಇಲ್ಲೇ:
ಅದಕ್ಕೇ ಹೇಳಿದ್ದು, ಬ್ಯಾಂಕಿಂಗ್.

ಮಲ್ಲೇಶ್ವರಂ ಮಾಮಿ:
ಆ ಚಟ್ನಿಪುಡಿ ತರುವ ಹುಡುಗಿ ನಮ್ಮವಳಾ? ಯಾವ ಕಡೆಯವರು?