ಚಿಕ್ಕಮ್ಮನಿಗೆ ತರಿಸಿದ ಕಡಲಪಾಚಿ ಡಬ್ಬಿ

ಗುಂಪು: ಹೊನ್ನಾವರ ಮನೆ

ದೊಡ್ಡಪ್ಪ (ಫಾರ್ವರ್ಡ್): ಕಂದು ಕಡಲಪಾಚಿಯಲ್ಲಿ ಗ್ರೀನ್ ಟೀಗಿಂತ ನೂರು ಪಟ್ಟು ಆಂಟಿಆಕ್ಸಿಡೆಂಟ್! ಬಿಪಿ, ಶುಗರ್, ಥೈರಾಯ್ಡ್ ಎಲ್ಲಕ್ಕೂ ಒಂದೇ ಮದ್ದು. ಹತ್ತು ಜನರಿಗೆ ಕಳಿಸಿ.

ದೊಡ್ಡಪ್ಪ: ಎರಡು ಡಬ್ಬಿ ತರಿಸಿದ್ದೇನೆ. ಒಂದು ನನಗೆ, ಒಂದು ನಿಮ್ಮ ಚಿಕ್ಕಮ್ಮನಿಗೆ.

ಚಿಕ್ಕಮ್ಮ: ಹೌದಾ ಭಾವ? ಹಾಗಾದರೆ ಥೈರಾಯ್ಡ್ ಮಾತ್ರೆ ಬಿಡಬಹುದಾ? 🙏

ನಾನು: ಚಿಕ್ಕಮ್ಮ, ಮಾತ್ರೆ ಬಿಡಬೇಡಿ. ಆ ಡಬ್ಬಿ ತೆರೆಯಲೂ ಬೇಡಿ. ಬರೆಯುತ್ತಿದ್ದೇನೆ, ಒಂದು ನಿಮಿಷ.

ತಮ್ಮ: ಅಕ್ಕ ಶುರು ಮಾಡಿದಳು. ಇನ್ನು ಊಟದವರೆಗೂ ಇದೇ 😄

ನಾನು: ಫಾರ್ವರ್ಡ್ ಪೂರ್ತಿ ಸುಳ್ಳಲ್ಲ ದೊಡ್ಡಪ್ಪ. ಕಂದು ಪಾಚಿಯಲ್ಲಿ ಫ್ಲೋರೊಟ್ಯಾನಿನ್ ಎಂಬ ಪಾಲಿಫಿನಾಲ್ ಇದೆ, ಅಂದರೆ ಆಂಟಿಆಕ್ಸಿಡೆಂಟ್ ಗುಣವಿರುವ ಒಂದು ಬಗೆಯ ವಸ್ತು. ಫ್ಲೋರೊಗ್ಲುಸಿನಾಲ್ ಎಂಬ ಚಿಕ್ಕ ಅಣುಗಳು ಒಂದಕ್ಕೊಂದು ಕೂಡಿ ಆದದ್ದು. ಬಿಸಿಲಿನಿಂದಲೂ ಮೇಯಲು ಬರುವ ಬಸವನಹುಳುಗಳಿಂದಲೂ ತನ್ನನ್ನು ಉಳಿಸಿಕೊಳ್ಳಲು ಪಾಚಿ ಅದನ್ನು ಮಾಡಿಕೊಳ್ಳುತ್ತದೆ. ನಮ್ಮನ್ನು ಉಳಿಸಲು ಅಲ್ಲ.

ದೊಡ್ಡಪ್ಪ: ನೂರು ಪಟ್ಟು ಅಂತ ಲ್ಯಾಬಿನಲ್ಲೇ ಅಳೆದಿದ್ದಾರಲ್ಲ ಪುಟ್ಟಿ?

ನಾನು: ಇಂಥ ಅಳತೆ ನಡೆಯುವುದು ಗಾಜಿನ ನಳಿಕೆಯಲ್ಲಿ. ಹೊಟ್ಟೆಗೆ ಹೋದರೆ ಕಥೆಯೇ ಬೇರೆ. ಹೆಚ್ಚಿನ ಪಾಲು ರಕ್ತಕ್ಕೆ ಸೇರುವುದೇ ಇಲ್ಲ, ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಅಮೆರಿಕದ ಕೃಷಿ ಇಲಾಖೆ ಇಂಥ ಆಂಟಿಆಕ್ಸಿಡೆಂಟ್ ಅಂಕಿಗಳ ದೊಡ್ಡ ಪಟ್ಟಿಯನ್ನೇ ಇಟ್ಟಿತ್ತು. ಕಂಪನಿಗಳು ಅದನ್ನು ಜಾಹೀರಾತಿಗೆ ಬಳಸತೊಡಗಿದವು. 2012ರಲ್ಲಿ ಪಟ್ಟಿಯನ್ನೇ ತೆಗೆದುಹಾಕಿದರು.

ತಮ್ಮ: ಪಾಲಿಫಿನಾಲ್ ಅಡಿಕೆಯಲ್ಲೂ ಬೇಕಾದಷ್ಟಿದೆ ಅಲ್ವಾ? ಚೊಗರು ಅಂದರೆ ಅದೇ ತಾನೆ. ಹಾಗಂತ ಕವಳ ಹಾಕಿದವರೆಲ್ಲ ನೂರು ವರ್ಷ ಬಾಳುತ್ತಾರಾ?

ದೊಡ್ಡಪ್ಪ: ಅಡಿಕೆ ವಿಷಯಕ್ಕೆ ಬರಬೇಡ. ನಿನ್ನ ಕಾಲೇಜು ಫೀ ಕಟ್ಟಿದ್ದು ಅದೇ ಅಡಿಕೆ.

ಅತ್ತೆ: ಶುಭ ಮಂಗಳವಾರ 🌺

ದೊಡ್ಡಪ್ಪ: ಜಪಾನಿನವರು ದಿನಾ ತಿನ್ನುತ್ತಾರೆ. ಎಷ್ಟು ವರ್ಷ ಬದುಕುತ್ತಾರೆ ನೋಡಿ.

ನಾನು: ಅವರು ಮೀನು, ಸೋಯಾ, ತರಕಾರಿಯೂ ತಿನ್ನುತ್ತಾರೆ, ನಡೆಯುತ್ತಾರೆ. ಅದರಲ್ಲಿ ಪಾಚಿಯ ಪಾಲು ಎಷ್ಟು ಅಂತ ಹೇಗೆ ಹೇಳುವುದು? ನನ್ನ ಚಿಂತೆ ಪಾಲಿಫಿನಾಲ್ ಅಲ್ಲ, ಅಯೋಡಿನ್. ನಮಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಅವರು ತಿನ್ನುವ 'ಕೊಂಬು' ಎಂಬ ಕಂದು ಪಾಚಿ ಒಣಗಿಸಿದರೆ ಒಂದೇ ಗ್ರಾಮಿನಲ್ಲಿ ಕೆಲವೊಮ್ಮೆ 2,000ಕ್ಕೂ ಜಾಸ್ತಿ. ಮನೆಯ ಉಪ್ಪಿನಲ್ಲೇ ಅಯೋಡಿನ್ ಇದೆ. ಕಡಿಮೆಯಾದರೆ ಮಾತ್ರ ಅಲ್ಲ, ಜಾಸ್ತಿಯಾದರೂ ಥೈರಾಯ್ಡ್ ಕೆಡುತ್ತದೆ.

ದೊಡ್ಡಪ್ಪ: ಯುರೋಪಿನಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಸುಮ್ನೆ ಕೊಡುತ್ತಾರಾ?

ನಾನು: ನಿಜ, ಕೊಟ್ಟಿದ್ದಾರೆ. ಎಕ್ಲೋನಿಯಾ ಕಾವಾ ಎಂಬ ಪಾಚಿಯಿಂದ ತೆಗೆದ ಫ್ಲೋರೊಟ್ಯಾನಿನ್‌ಗೆ. ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಪರಿಶೀಲಿಸಿತು. ನೋಡಿದ್ದು ತಿಂದರೆ ಅಪಾಯವಿದೆಯಾ ಅಂತ, ರೋಗ ವಾಸಿಯಾಗುತ್ತದಾ ಅಂತಲ್ಲ. ದೊಡ್ಡವರಿಗೆ ದಿನಕ್ಕೆ 263 ಮಿಲಿಗ್ರಾಂ ಮೀರಬಾರದು ಎಂದಿತು. ಇನ್ನೊಂದು ಕೇಳಿ. ಥೈರಾಯ್ಡ್ ತೊಂದರೆ ಇರುವವರು ಇದನ್ನು ಸೇವಿಸಬಾರದು ಅಂತ ಅಲ್ಲಿ ಡಬ್ಬಿಯ ಮೇಲೆ ಬರೆಯಲೇಬೇಕು. ನಿಮ್ಮ ಡಬ್ಬಿಯ ಹಿಂಬದಿ ಫೋಟೋ ಹಾಕಿ.

ದೊಡ್ಡಪ್ಪ: 📷

ತಮ್ಮ: "ಕೆಲ್ಪ್ ಪುಡಿ" ಅಂತಷ್ಟೇ ಇದೆ, ಅಂದರೆ ಕಂದು ಕಡಲಪಾಚಿಯ ಪುಡಿ. ಯಾವ ಪಾಚಿ, ಅಯೋಡಿನ್ ಎಷ್ಟು, ಏನೂ ಇಲ್ಲ.

ಚಿಕ್ಕಮ್ಮ: ನನಗೆ ಬೇಡ ಭಾವ. ಬೇಜಾರು ಮಾಡಿಕೊಳ್ಳಬೇಡಿ. ದುಡ್ಡು ಎಷ್ಟಾಯಿತು?

ದೊಡ್ಡಪ್ಪ: ದುಡ್ಡಿನ ಮಾತು ಬೇಡ. ನಿನಗೆ ಒಳ್ಳೆಯದಾಗಲಿ ಅಂತ ತರಿಸಿದ್ದು. ನನ್ನದು ನಾನು ತಿನ್ನುತ್ತೇನೆ, ನನಗೆ ಥೈರಾಯ್ಡ್ ಇಲ್ಲ.

ನಾನು: ಥೈರಾಯ್ಡ್ ನೋಡುವ ರಕ್ತಪರೀಕ್ಷೆ, ಟಿಎಸ್‌ಎಚ್, ಯಾವಾಗ ಮಾಡಿಸಿದ್ದು ದೊಡ್ಡಪ್ಪ?

(ಅರ್ಧ ಗಂಟೆ ಯಾರೂ ಮಾತಾಡಲಿಲ್ಲ.)

ದೊಡ್ಡಪ್ಪ: ತಮ್ಮಾ, ನಾಳೆ ಮನೆ ಕಡೆ ಬಾ. ಎರಡೂ ವಾಪಸ್ ಕಳಿಸುವುದು ಮೊಬೈಲಿನಲ್ಲಿ ಹೇಗೆ ಅಂತ ತೋರಿಸು. ಅಡಿಕೆ ಮಾತು ಮಾತ್ರ ಎತ್ತಬೇಡ.