ಹೆಸರು ಬದಲಾದ ಗರ್ಭನಿರೋಧಕ ಮಾತ್ರೆ: ಪ್ರಶ್ನೋತ್ತರ

ಪ್ರಶ್ನೆ (ಮಂಡ್ಯದ ಸದಸ್ಯೆ): ನಾನು ಬಹುಕಾಲದಿಂದ ಓವ್ರಲ್-ಎಲ್ ತೆಗೆದುಕೊಳ್ಳುತ್ತಿದ್ದೇನೆ. ಈ ಸಲ ಅದು ಸಿಗಲಿಲ್ಲ. ಔಷಧಿ ಅಂಗಡಿಯವರು ಕಡಿಮೆ ಬೆಲೆಯ ಬೇರೊಂದು ಪಟ್ಟಿಯನ್ನು ಕೊಟ್ಟು ‘ಎರಡೂ ಒಂದೇ’ ಎಂದರು. ನಂಬಬಹುದೇ? ನಡುವೆ ಒಂದು ತಿಂಗಳು ಬಿಡಬೇಕೇ?

ಉತ್ತರ (ಔಷಧತಜ್ಞೆ, ಮೈಸೂರು): ತಿಂಗಳು ಬಿಡುವುದು ಬೇಡವೇ ಬೇಡ, ಹಾಗೆ ಬಿಟ್ಟರೆ ಆ ಅವಧಿಯಲ್ಲಿ ಗರ್ಭ ನಿಲ್ಲಬಹುದು. ಪಟ್ಟಿಯ ಹಿಂಭಾಗದಲ್ಲಿ ಅಚ್ಚಾಗಿರುವ ಸಂಯೋಜನೆಯನ್ನು ಮೊದಲು ಓದಿ. ನಿಮ್ಮ ಹಳೆಯ ಮಾತ್ರೆಯಲ್ಲಿರುವುದು ಲೆವೊನಾರ್ಜೆಸ್ಟ್ರೆಲ್ 0.15 ಮಿ.ಗ್ರಾಂ. ಮತ್ತು ಎಥಿನೈಲ್ ಎಸ್ಟ್ರಾಡಿಯೋಲ್ 0.03 ಮಿ.ಗ್ರಾಂ. ಹೊಸದರಲ್ಲಿಯೂ ಇವೇ ಎರಡು ಹೆಸರು, ಇದೇ ಪ್ರಮಾಣ ಇದ್ದರೆ ಔಷಧಿ ಒಂದೇ. ಬೆಲೆಗೂ ಪರಿಣಾಮಕ್ಕೂ ಸಂಬಂಧವಿಲ್ಲ. ಮಾಲಾ-ಡಿ ಮಾತ್ರೆಯಲ್ಲಿರುವುದೂ ಇವೇ ಹಾರ್ಮೋನುಗಳು. ಬಣ್ಣ, ಆಕಾರ, ಮಾತ್ರೆ ಕಟ್ಟಲು ಬಳಸುವ ಲ್ಯಾಕ್ಟೋಸಿನಂತಹ ಪದಾರ್ಥಗಳು ಬೇರೆಯಾಗಬಹುದು, ಅವಕ್ಕೆ ಅಲರ್ಜಿ ಇರುವವರು ಮಾತ್ರ ಅದನ್ನು ಗಮನಿಸಬೇಕು. ಡ್ರೊಸ್ಪಿರೆನೋನ್ ಅಥವಾ ಡೆಸೊಜೆಸ್ಟ್ರೆಲ್ ಎಂದು ಬರೆದಿದ್ದರೆ ಅದು ಬೇರೆಯೇ ಔಷಧಿ. ವೈದ್ಯರನ್ನು ಕೇಳದೆ ಬದಲಾಯಿಸಬಾರದು.

ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳದ ಸಂಗತಿ ಇನ್ನೊಂದಿದೆ. ನನಗೆ ನಿಜವಾಗಿ ಆತಂಕವಿರುವುದು ಅಲ್ಲಿಯೇ. ನಿಮ್ಮ ಹಳೆಯ ಪಟ್ಟಿಯಲ್ಲಿ 21 ಮಾತ್ರೆಗಳಿದ್ದು, ಮುಗಿದ ಮೇಲೆ 7 ದಿನ ಬಿಡುತ್ತಿದ್ದಿರಿ. ಮಾಲಾ-ಡಿಯಂತಹ 28 ಮಾತ್ರೆಗಳ ಪಟ್ಟಿಯಲ್ಲಿ 21 ಹಾರ್ಮೋನಿನವು, ಉಳಿದ 7 ಬೇರೆ ಬಣ್ಣದ ಕಬ್ಬಿಣಾಂಶದವು. ಅಲ್ಲಿ ಬಿಡುವೇ ಇಲ್ಲ, 28 ಮುಗಿದ ಮರುದಿನವೇ ಹೊಸ ಪಟ್ಟಿ. ಹಳೆಯ ಅಭ್ಯಾಸದಂತೆ 28ರ ನಂತರವೂ 7 ದಿನ ಬಿಟ್ಟರೆ ಒಟ್ಟು 14 ದಿನ ಹಾರ್ಮೋನಿಲ್ಲದೆ ಕಳೆಯುತ್ತದೆ, ಅಷ್ಟರಲ್ಲಿ ಅಂಡಾಣು ಬಿಡುಗಡೆಯಾಗಬಹುದು. ಆದ್ದರಿಂದ ನಿಮ್ಮ ಎಂದಿನ 7 ದಿನಗಳ ಬಿಡುವು ಮುಗಿದ ಮರುದಿನವೇ ಹೊಸ ಪಟ್ಟಿಯ ಮೊದಲ ಹಾರ್ಮೋನ್ ಮಾತ್ರೆಯನ್ನು ನುಂಗಿ. ಪ್ರಾರಂಭ ತಡವಾಗಿದ್ದರೆ, ಮಾತ್ರೆಯ ಜೊತೆಗೆ 7 ದಿನ ಕಾಂಡೋಮ್ ಬಳಸಿ. ಆ ಬಿಡುವಿನಲ್ಲಿ ರಕ್ಷಣೆಯಿಲ್ಲದ ಸಂಪರ್ಕವಾಗಿದ್ದರೆ ತುರ್ತು ಗರ್ಭನಿರೋಧಕದ ಬಗ್ಗೆ ಅಂದೇ ವೈದ್ಯರನ್ನು ಕೇಳಿ.

ಮರುಪ್ರಶ್ನೆ (ಅದೇ ಸದಸ್ಯೆ): ಬದಲಾಯಿಸಿದ ಮೇಲೆ ನಡುವೆ ಸ್ವಲ್ಪ ರಕ್ತಸ್ರಾವ ಕಂಡರೆ?

ಉತ್ತರ: ಮಾತ್ರೆ ತಪ್ಪಿಸಿದ್ದೀರಾ, ವಾಂತಿ ಅಥವಾ ಭೇದಿಯಾಗಿತ್ತೇ, ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಮೂರ್ಛೆರೋಗಕ್ಕೆ ಕಾರ್ಬಮಜೆಪೀನ್, ಫಿನಿಟಾಯಿನ್ ಆರಂಭಿಸಿದ್ದೀರಾ ಎಂದು ಮೊದಲು ನೋಡಿಕೊಳ್ಳಿ. ಈ ಮೂರೂ ಔಷಧಿಗಳು ಹಾರ್ಮೋನಿನ ಪರಿಣಾಮವನ್ನು ತಗ್ಗಿಸುತ್ತವೆ, ಬ್ರ್ಯಾಂಡ್ ಯಾವುದಾದರೂ ಸರಿ. ಇದಾವುದೂ ಇಲ್ಲದೆ ಎರಡು ಮೂರು ತಿಂಗಳಾದರೂ ನಿಲ್ಲದಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಎದೆನೋವು, ಏಕಾಏಕಿ ಉಸಿರಾಟದ ತೊಂದರೆ ಕಂಡರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ಮೈಸೂರಿನ ಸದಸ್ಯೆ): ನಮ್ಮ ಬಡಾವಣೆಯ ಆಶಾ ಕಾರ್ಯಕರ್ತೆ ಉಚಿತವಾಗಿ ಕೊಡುವ ‘ಛಾಯಾ’ ಕೂಡ ಇದರ ಅಗ್ಗದ ರೂಪವೇ?

ಉತ್ತರ: ಅಲ್ಲ. ಛಾಯಾದಲ್ಲಿರುವುದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಸೆಂಟ್‌ಕ್ರೋಮನ್ 30 ಮಿ.ಗ್ರಾಂ.; ಅದರಲ್ಲಿ ಸ್ಟೀರಾಯ್ಡ್ ಹಾರ್ಮೋನು ಇಲ್ಲ. ಅದನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಬಾರಿ, ಅನಂತರ ವಾರಕ್ಕೊಮ್ಮೆ ತೆಗೆದುಕೊಳ್ಳಬೇಕು. ಉಚಿತವಾಗಿ ಸಿಗುವ ಮಾಲಾ-ಎನ್ ಮಾತ್ರ ನಾವು ಮೇಲೆ ಮಾತನಾಡಿದ ಗುಂಪಿನದು. ಎರಡನ್ನೂ ಆಶಾ ಕಾರ್ಯಕರ್ತೆಯೇ ಕೊಡುವುದರಿಂದ, ಪಟ್ಟಿ ಕೈಗೆ ಬಂದಾಗ ಯಾವುದೆಂದು ಕೇಳಿ ತಿಳಿದುಕೊಂಡೇ ಆರಂಭಿಸಿ.