ಹತ್ತು ದಿನ, ಐದು ಜನ, ಒಂದು ಟ್ರೈಲರ್: ಮರುಭೂಮಿಗೆ ಹೋಗಿ ಬಂದವರು ಹೇಳಿದ್ದು

ಪ್ರಶ್ನೆ – ಫ್ರೀಮಾಂಟ್‌ನಿಂದ

ಡಿಸೆಂಬರ್ ರಜೆಯಲ್ಲಿ ಹತ್ತು ದಿನ ಬಿಡುವಿದೆ. ನಾವಿಬ್ಬರು, 7 ಮತ್ತು 11 ವರ್ಷದ ಮಕ್ಕಳು, ಜೊತೆಗೆ ಹಾಸನದಿಂದ ಬಂದಿರುವ ನಮ್ಮ ಅತ್ತೆ. 22 ಅಡಿಯ ಕ್ಯಾಂಪ್ ಟ್ರೈಲರ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ) ಬಾಡಿಗೆಗೆ ಹಿಡಿದು ಕ್ಯಾಲಿಫೋರ್ನಿಯಾದ ಮರುಭೂಮಿ ಪಾರ್ಕ್‌ಗಳಾದ ಡೆತ್ ವ್ಯಾಲಿ, ಜೋಶುವಾ ಟ್ರೀ, ಆನ್ಜಾ-ಬೊರೆಗೊ, ಆಮೇಲೆ ಅರಿಜೋನಾ ಸುತ್ತಿ ಬರೋಣ ಅಂತ ಆಸೆ. ಟ್ರೈಲರ್ ಎಳೆದು ಅಭ್ಯಾಸವಿಲ್ಲ. ಹತ್ತು ದಿನಕ್ಕೆ ಇಷ್ಟೂ ಆಗುತ್ತಾ? ನೀರು, ಟಾಯ್ಲೆಟ್, ಅಡುಗೆ ಹೇಗೆ? ಅತ್ತೆಗೆ 68, ಮಂಡಿ ನೋವಿದೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಸ್ಯಾನ್ ಡಿಯೇಗೊದಿಂದ

ಆಗಲ್ಲ. ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ನೀವು ಬರೆದ ಪಟ್ಟಿಯಲ್ಲಿ ಎರಡು ಜಾಗ ಇಟ್ಟುಕೊಂಡು ಉಳಿದದ್ದನ್ನು ಹೊಡೆದುಹಾಕಿ. ನಾವು ಆರು ಚಳಿಗಾಲ ಹೋಗಿದ್ದೇವೆ. ಮೊದಲ ವರ್ಷ ನಿಮ್ಮ ಹಾಗೇ ಒಂಬತ್ತು ದಿನಕ್ಕೆ ಐದು ಜಾಗ ಹಾಕಿಕೊಂಡಿದ್ದೆವು. ಟ್ರೈಲರ್ ಕಟ್ಟೋದು, ಬಿಚ್ಚೋದು, ಮಟ್ಟ ನೋಡೋದು, ಪೈಪ್ ಜೋಡಿಸೋದು – ಪ್ರತಿ ಸಲ ಎರಡು ಗಂಟೆ. ಮಕ್ಕಳು ಮರುಭೂಮಿಯನ್ನು ನೋಡಿದ್ದು ಕಾರಿನ ಕಿಟಕಿಯಿಂದಲೇ.

ಈಗ ನಮ್ಮದು ಒಂದೇ ಲೆಕ್ಕ. ಟ್ರೈಲರ್ ಒಂದು ಕಡೆ ನಿಂತರೆ ನಾಲ್ಕು ರಾತ್ರಿ ಅಲ್ಲೇ. ಹಗಲು ಕಾರು ಬಿಚ್ಚಿಕೊಂಡು ಸುತ್ತುತ್ತೇವೆ. ಡೆತ್ ವ್ಯಾಲಿಯಲ್ಲಿ ಬೇರೆ ದಾರಿಯೂ ಇಲ್ಲ. ಅಲ್ಲಿನ ಆರ್ಟಿಸ್ಟ್ಸ್ ಡ್ರೈವ್ ರಸ್ತೆಗೆ, ಡಾಂಟೇಸ್ ವ್ಯೂ ಅನ್ನುವ ಬೆಟ್ಟದ ತುದಿಗೆ 25 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ.

ಯಾಕೆ ನಾಲ್ಕೇ ರಾತ್ರಿ? ನೀರಿನಿಂದ. ಟ್ರೈಲರ್ ಪ್ರವಾಸ ಅಂದರೆ ರಸ್ತೆ, ಕಾರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮರುಭೂಮಿಯಲ್ಲಿ ಅದು ಪೂರಾ ನೀರಿನ ಲೆಕ್ಕ. ನಮ್ಮ ಟ್ಯಾಂಕ್ 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಜಾಸ್ತಿ ಅನಿಸುತ್ತೆ ಅಲ್ವಾ? ಶವರ್ ನಿಮಿಷಕ್ಕೆ ಎರಡು ಗ್ಯಾಲನ್ ಕುಡಿಯುತ್ತೆ ಅಂತ ಇಟ್ಟುಕೊಳ್ಳಿ. ಐದು ಜನ ಮೂರು ಮೂರು ನಿಮಿಷ ನಿಂತರೆ 30 ಗ್ಯಾಲನ್ ಹೋಯಿತು. ಒಂದೇ ಬೆಳಗ್ಗೆ!

ಅದಕ್ಕಿಂತ ದೊಡ್ಡ ಸಮಸ್ಯೆ ಯಾರೂ ಹೇಳುವುದಿಲ್ಲ. ಒಳ್ಳೆ ನೀರು ಖಾಲಿಯಾಗುವ ಮೊದಲೇ ಕೊಳೆ ನೀರಿನ ಟ್ಯಾಂಕ್ ತುಂಬುತ್ತದೆ. ನಮ್ಮದರಲ್ಲಿ ಅದು 30 ಗ್ಯಾಲನ್. ತುಂಬಿದ ಮೇಲೆ ಶವರ್ ತಳದಿಂದಲೇ ಮೇಲೆ ಉಕ್ಕಿ ಬರುತ್ತೆ. ಪಾರ್ಕ್‌ನಲ್ಲಿ ಪಾತ್ರೆ ತೊಳೆದ ನೀರನ್ನೂ ನೆಲಕ್ಕೆ ಚೆಲ್ಲುವ ಹಾಗಿಲ್ಲ.

ನಮ್ಮಮ್ಮ ಪಾವಗಡದವರು. ಒಂದು ಸಲ ಜೊತೆಗೆ ಬಂದಿದ್ದರು. ನಾನು ನೀರಿನ ಬಗ್ಗೆ ದೊಡ್ಡ ಭಾಷಣ ಮಾಡಿದೆ. ಕೇಳಿಸಿಕೊಂಡು, "ಇಷ್ಟೇನಾ? ಒಂದು ಬಕೆಟ್ಟು, ಒಂದು ಚೊಂಬು ಕೊಡು" ಅಂದರು. ಅರ್ಧ ಬಕೆಟ್ ಬಿಸಿನೀರಿನಲ್ಲಿ ಸ್ನಾನ. ಅಕ್ಕಿ ತೊಳೆದ ನೀರು ಒಂದು ಡಬ್ಬಿಗೆ, ಅದರಲ್ಲಿ ಪಾತ್ರೆಯ ಮೊದಲ ಸುತ್ತು. ಊಟ ಕಾಗದದ ತಟ್ಟೆಯಲ್ಲಿ. ಆ ವರ್ಷ ನಾವು ಐದನೇ ರಾತ್ರಿಗೂ ನೀರು ಉಳಿಸಿಕೊಂಡಿದ್ದೆವು. ನಿಮ್ಮ ಅತ್ತೆಯನ್ನು ಕೇಳಿ ನೋಡಿ, ನಮಗಿಂತ ಚೆನ್ನಾಗಿ ಹೇಳುತ್ತಾರೆ.

ಕುಡಿಯುವ ನೀರು ಮಾತ್ರ ಬೇರೆ ಕ್ಯಾನ್‌ಗಳಲ್ಲಿ ಇರಲಿ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್. ಅದನ್ನು ಕಾರಿನಲ್ಲಿ ಇಡಿ, ಟ್ರೈಲರ್‌ನಲ್ಲಿ ಅಲ್ಲ. ಕಾರು ಎಲ್ಲೋ ಕೆಟ್ಟು ನಿಂತರೆ ಟ್ರೈಲರ್ ಹತ್ತಿರ ಇರುವುದಿಲ್ಲ. ಫೋನಿನ ಸಿಗ್ನಲ್ ಕೂಡ ಬಹಳ ಕಡೆ ಇಲ್ಲ. ನಕ್ಷೆ ಮನೆಯಲ್ಲೇ ಇಳಿಸಿಕೊಳ್ಳಿ.

ಅಡುಗೆ. ಟ್ರೈಲರ್ ಒಳಗೆ ಒಗ್ಗರಣೆ ಹಾಕಬೇಡಿ. ಮೊದಲ ರಾತ್ರಿ ಸಾರಿಗೆ ಒಣಮೆಣಸಿನಕಾಯಿ ಹಾಕಿದ್ದೇ ತಡ, ಹೊಗೆ ಅಲಾರಂ ಕೂಗಲು ಶುರು. ಐದೂ ಜನ ಕೆಮ್ಮುತ್ತಾ ಹೊರಗೆ ಓಡಿದೆವು. ಪಕ್ಕದ ಟ್ರೈಲರ್‌ನ ಅಜ್ಜ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಬಂದೇಬಿಟ್ಟರು. ಅಲಾರಂನ ಬ್ಯಾಟರಿ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಗ್ಯಾಸ್ ಒಲೆ, ಗ್ಯಾಸ್ ಹೀಟರ್ ಇರುವ ಪುಟ್ಟ ಡಬ್ಬಿ ಅದು. ಹೊರಗೆ ಮೇಜಿನ ಮೇಲೆ ಒಂದು ಸಣ್ಣ ಒಲೆ ಇಟ್ಟುಕೊಳ್ಳಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಪುಟ್ಟ ಕುಕ್ಕರ್ – ಸಾಕು.

ಇನ್ನು ಚಳಿ. ಮರುಭೂಮಿ ಅಂದರೆ ಬಿಸಿ ಅಂತ ಸ್ವೆಟರ್ ಬಿಟ್ಟು ಹೋಗುವವರನ್ನು ಪ್ರತಿ ವರ್ಷ ನೋಡುತ್ತೇನೆ. ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈನಲ್ಲಿ 56.7 ಡಿಗ್ರಿ ದಾಖಲಾಗಿದೆ, ನಿಜ. ಆದರೆ ಡಿಸೆಂಬರ್ ರಾತ್ರಿ ನಾಲ್ಕೈದು ಡಿಗ್ರಿ. ಜೋಶುವಾ ಟ್ರೀ ಎತ್ತರದಲ್ಲಿದೆ, ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ಹೀಟರ್ ಉರಿಯುವುದು ಗ್ಯಾಸ್‌ನಿಂದ, ಆದರೆ ಗಾಳಿ ಊದುವ ಫ್ಯಾನ್ ಬ್ಯಾಟರಿಯಿಂದ. ರಾತ್ರಿಯಿಡೀ ಓಡಿದರೆ ಬೆಳಗಿನ ಜಾವ ನಾಲ್ಕಕ್ಕೆ ಬ್ಯಾಟರಿ ಸತ್ತು, ಹೀಟರ್ ನಿಂತು, ಎಲ್ಲರೂ ಏಳುತ್ತಾರೆ. ದಪ್ಪ ಕಂಬಳಿ ಒಯ್ಯಿರಿ.

ಜಾಗದ ಬುಕಿಂಗ್: ಫರ್ನೇಸ್ ಕ್ರೀಕ್ ಕ್ಯಾಂಪ್ ಆರು ತಿಂಗಳ ಮುಂಚೆಯೇ ಬುಕಿಂಗ್‌ಗೆ ತೆರೆಯುತ್ತದೆ. ಕರೆಂಟ್ ಇರುವ ಜಾಗಗಳು ಕೆಲವೇ ಕೆಲವು. ಹಾಗಾಗಿ ಕ್ರಿಸ್‌ಮಸ್ ವಾರಕ್ಕೆ ಈಗ ಸಿಗುವುದು ಕಷ್ಟ. ಹತ್ತಿರದ ಸನ್‌ಸೆಟ್ ಕ್ಯಾಂಪ್ ಮೊದಲು ಬಂದವರಿಗೆ. ಜಲ್ಲಿ ಹಾಸಿದ ಬಯಲು, ಚಂದವೇನಿಲ್ಲ. ಕರೆಂಟ್ ಇಲ್ಲ, ನೀರು ಹಿಡಿಯಬಹುದು, ಕೊಳೆ ನೀರು ಬಿಡಬಹುದು. ಆನ್ಜಾ-ಬೊರೆಗೊದ ಬೊರೆಗೊ ಪಾಮ್ ಕ್ಯಾನ್ಯನ್ ಕ್ಯಾಂಪ್‌ನಲ್ಲಿ ಕರೆಂಟು, ನೀರು, ಡ್ರೈನೇಜ್ ಮೂರೂ ಇರುವ ಜಾಗಗಳಿವೆ. ಯಾರಾದರೂ ರದ್ದು ಮಾಡಿದ್ದಾರಾ ಅಂತ ದಿನಾ ನೋಡುತ್ತಿರಿ. ಮೊದಲ ಸಲ ಹೋಗುವವರಿಗೆ, ಅದರಲ್ಲೂ ಹಿರಿಯರ ಜೊತೆ, ನನ್ನ ಓಟು ಬೊರೆಗೊಗೆ.

ಟೂಸಾನ್‌ನಿಂದ

ಮೇಲಿನವರು ಎಳೆಯುವ ವಿಷಯ ಬಿಟ್ಟರು, ಅದನ್ನು ನಾನು ಹೇಳುತ್ತೇನೆ.

ಮೊದಲು ತೂಕ. ಟ್ರೈಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಕೂರಬೇಕು. ಅಕ್ಕಿ ಮೂಟೆ, ನೀರಿನ ಕ್ಯಾನ್, ಸೈಕಲ್ ಎಲ್ಲ ಹಿಂದೆ ತುಂಬಿದರೆ ಟ್ರೈಲರ್ ನಾಯಿ ಬಾಲದ ಹಾಗೆ ಅಲ್ಲಾಡಲು ಶುರುವಾಗುತ್ತದೆ. ಹಾಗಾದಾಗ ಗಾಬರಿಯಿಂದ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ಟ್ರೈಲರ್‌ನ ಬ್ರೇಕ್ ಮಾತ್ರ ಕೈಯಿಂದ ಮೆಲ್ಲಗೆ ಹಾಕಿ. ಆ ಗುಂಡಿ ಎಲ್ಲಿದೆ ಅಂತ ಹೊರಡುವ ಮುಂಚೆಯೇ ನೋಡಿಟ್ಟುಕೊಳ್ಳಿ. ನಮ್ಮ ಕಾರಿನಲ್ಲಿ ಅದು ಮಂಡಿಯ ಹತ್ತಿರ ಇತ್ತು. ನನಗೆ ಬೇಕಾದಾಗ ಸಿಗಲಿಲ್ಲ.

ತುಂಬಿದ ನೀರಿನ ಟ್ಯಾಂಕ್ 330 ಪೌಂಡ್‌ಗೂ ಜಾಸ್ತಿ. ಮನೆಯಿಂದಲೇ ತುಂಬಿಕೊಂಡು ಎಳೆಯಬೇಡಿ, ಹತ್ತಿರ ಹೋದ ಮೇಲೆ ತುಂಬಿಸಿ. ನೀರಿಲ್ಲದ ಕಡೆ ಹೋಗುವುದಾದರೆ ಮಾತ್ರ ಬೇರೆ ಮಾತು. ಉದಾಹರಣೆಗೆ ಜೋಶುವಾ ಟ್ರೀಯ ಜಂಬೋ ರಾಕ್ಸ್ ಕ್ಯಾಂಪ್‌ನಲ್ಲಿ ಒಂದು ಹನಿಯೂ ಸಿಗುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರ ವೇಗ 55 ಮೈಲಿಗೆ ಮಿತಿ. ಹಿಂದಿನವರು ಹಾರ್ನ್ ಹೊಡೆಯಲಿ, ಬಿಡಿ. ಫೋನು ತೋರಿಸುವ ಸಮಯಕ್ಕೆ ಮೂರನೇ ಒಂದು ಭಾಗ ಸೇರಿಸಿಕೊಳ್ಳಿ.

ದಾರಿ: ನಕ್ಷೆ ನಿಮ್ಮನ್ನು ಟ್ರೋನಾ ಕಡೆಯಿಂದ ಟೌನ್ ಪಾಸ್ ಹತ್ತಿಸಲು ನೋಡುತ್ತದೆ. ಸುಮಾರು 5,000 ಅಡಿಗೆ ಹತ್ತಿ ಸಮುದ್ರಮಟ್ಟದ ತನಕ ಇಳಿಯುವ ದಾರಿ ಅದು. ಹೊಸಬರಿಗೆ ಬೇಡ. ಬಾರ್‌ಸ್ಟೋವರೆಗೆ ಬಂದು, ಬೇಕರ್ ಊರಿನಿಂದ 127ನೇ ರಸ್ತೆ ಹಿಡಿಯಿರಿ. ಸುತ್ತಾದರೂ ಸಲೀಸು. ಬೇಕರ್‌ನಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ಇದೆ, 1913ರ ಆ ದಾಖಲೆ ಫ್ಯಾರನ್‌ಹೀಟ್‌ನಲ್ಲಿ 134 ಅಂತ. ಮಕ್ಕಳಿಗೆ ಅಷ್ಟು ಸಾಕು. ಇಳಿಜಾರಿನಲ್ಲಿ ಕೆಳಗಿನ ಗೇರ್‌ಗೆ ಹಾಕಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾಯ್ದು ಹಿಡಿಯುವುದೇ ಇಲ್ಲ.

ಗಾಳಿ. ಪಾಮ್ ಸ್ಪ್ರಿಂಗ್ಸ್ ಹತ್ತಿರ ಐ-10 ಹೆದ್ದಾರಿಯ ಎರಡೂ ಬದಿಗೆ ಸಾಲು ಸಾಲು ಗಾಳಿಯಂತ್ರ. ಚಿತ್ರದುರ್ಗದ ಗುಡ್ಡ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ಲಿ ಸುಮ್ನೆ ನೆಟ್ಟಿಲ್ಲ. ಟೆಹಾಚಪಿ ಕಣಿವೆಯಲ್ಲೂ ಅದೇ ಕಥೆ, ಚಳಿಗಾಲದಲ್ಲಿ ಅಲ್ಲಿ ಹಿಮವೂ ಬೀಳುತ್ತೆ. ಜೋರು ಗಾಳಿಯ ಎಚ್ಚರಿಕೆ ಇದ್ದ ದಿನ ಹೊರಡಬೇಡಿ. ನಿಂತ ಕಡೆಯೂ ಅಷ್ಟೆ. ನೆರಳಿನ ಚಪ್ಪರ ಬಿಚ್ಚಿಟ್ಟು ಮಲಗಿದ್ದೆವು. ರಾತ್ರಿ ಎರಡಕ್ಕೆ ಬಂದ ಒಂದೇ ಗಾಳಿ ಅದನ್ನು ಮಡಚಿ ಟ್ರೈಲರ್ ಮೇಲೆ ಎಸೆಯಿತು. ತಪ್ಪು ಪೂರಾ ನನ್ನದೇ. ಹೆಂಡತಿ ಮಡಚು ಅಂದಿದ್ದಳು.

ಟೈರ್ ಮೇಲೆ ನಾಲ್ಕು ಅಂಕಿ ಇರುತ್ತದೆ, ಬಾಡಿಗೆ ಕೊಡುವವರ ಮುಂದೆಯೇ ನೋಡಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೇಲ್ಮೈ ಹೊಸದಾಗಿ ಕಂಡರೂ ಹಳೇ ಟೈರ್ ಬಿಸಿಲಿಗೆ ಒಳಗೊಳಗೇ ಒಣಗಿರುತ್ತದೆ.

ರಿವರ್ಸ್‌ಗೆ ಒಂದು ಉಪಾಯ. ಸ್ಟೀರಿಂಗ್‌ನ ಕೆಳಭಾಗ ಹಿಡಿಯಿರಿ. ಟ್ರೈಲರ್‌ನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಭಾನುವಾರ ಪೂರ್ತಿ ಅಭ್ಯಾಸ ಮಾಡಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಟ್ರೈಲರ್ ಹಿಂದಕ್ಕೆ ಹಾಕುವಾಗ ಶುರುವಾದದ್ದು ಮಾತ್ರ ಮರುದಿನ ಕಾಫಿಗೂ ಮುಗಿದಿರುವುದಿಲ್ಲ.

ಅರಿಜೋನಾ ಈ ಸಲ ಬಿಡಿ. ಇನ್ನೊಮ್ಮೆ ಬಂದರೆ ಕ್ವಾರ್ಟ್ಸ್‌ಸೈಟ್ ಊರು ನೋಡಿ. ಚಳಿಗಾಲ ಬಂತೆಂದರೆ ಅಲ್ಲಿ ಬಯಲು ತುಂಬಾ ಟ್ರೈಲರ್‌ಗಳೇ. ಅಲ್ಲಿನ ಸ್ಮಶಾನದಲ್ಲಿ ಒಂದು ಕಲ್ಲಿನ ಪಿರಮಿಡ್ಡು, ತುದಿಯಲ್ಲಿ ಒಂಟೆ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಇಲ್ಲಿನ ಮರುಭೂಮಿಗೆ ಒಂಟೆ ತರಿಸಿತ್ತು. ಅವನ್ನು ನೋಡಿಕೊಳ್ಳಲು ಬಂದ ಹಾಜಿ ಅಲಿಯ ಸಮಾಧಿ ಅದು. ಜನರ ಬಾಯಲ್ಲಿ ಅವನು 'ಹೈ ಜಾಲಿ' ಆಗಿಬಿಟ್ಟ.

ಸ್ಯಾನ್ ಹೋಸೆಯಿಂದ

ಎಲ್ಲರೂ ಹೋಗಿ ಹೋಗಿ ಅನ್ನುತ್ತಿದ್ದಾರೆ. ನಾವು ಒಂದು ಸಲ ಹೋಗಿ ಸಾಕಾಯಿತು. ಅದನ್ನೂ ಕೇಳಿಬಿಡಿ.

ಟ್ರೈಲರ್‌ನಲ್ಲಿ ಒಬ್ಬರು ಮಗ್ಗುಲು ಬದಲಿಸಿದರೆ ಐದೂ ಜನಕ್ಕೆ ಗೊತ್ತಾಗುತ್ತದೆ. ಕೆಳಗಿನ ಜ್ಯಾಕ್‌ಗಳನ್ನು ಬಿಗಿ ಮಾಡಿದರೆ ಸ್ವಲ್ಪ ಕಮ್ಮಿ. ನಮ್ಮ ತಂದೆಗೆ ರಾತ್ರಿ ಮೂರು ಸಲ ಏಳಬೇಕು. ಕಬ್ಬಿಣದ ಮೆಟ್ಟಿಲು ಕಿರಿದು, ಕತ್ತಲು, ಹೊರಗೆ ಚಳಿ. ಒಳಗಿನ ಟಾಯ್ಲೆಟ್ ಬಳಸಿ ಅಂದರೆ ಅವರಿಗೆ ಸಂಕೋಚ, ಬಾಗಿಲಿನಾಚೆ ಅರ್ಧ ಅಡಿಗೆ ಮೊಮ್ಮಗಳು ಮಲಗಿರುತ್ತಾಳೆ. ಮೂರನೇ ದಿನ ಅವರನ್ನು ಹತ್ತಿರದ ಮೋಟೆಲ್‌ಗೆ ಸೇರಿಸಿದೆವು. ಆಮೇಲೆ ಪ್ರವಾಸ ಚೆನ್ನಾಗಿಯೇ ಆಯಿತು. ನಿಮ್ಮ ಅತ್ತೆಗೂ ಒಂದು ರೂಮಿನ ಲೆಕ್ಕ ಮೊದಲೇ ಇಟ್ಟುಕೊಳ್ಳಿ.

ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವಾಗ ಕೈಗವಸು ಹಾಕಿ. ಮೊದಲು ಟಾಯ್ಲೆಟ್ ಟ್ಯಾಂಕ್, ಆಮೇಲೆ ಸ್ನಾನದ ನೀರಿನದು. ಆಗ ಪೈಪ್ ತಾನಾಗಿ ತೊಳೆದುಹೋಗುತ್ತದೆ. ನಾವು ಉಲ್ಟಾ ಮಾಡಿದ್ದೆವು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಊಟದ ಹೊತ್ತು.

ಫ್ರೀಮಾಂಟ್‌ನಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಎರಡೇ ಜಾಗ: ಮೊದಲು ಬೊರೆಗೊ, ಆಮೇಲೆ ಡೆತ್ ವ್ಯಾಲಿ. ಅತ್ತೆಗೆ ಬೊರೆಗೊ ಊರಿನಲ್ಲೇ ರೂಮು. ಒಂದು ಪ್ರಶ್ನೆ ಉಳಿಯಿತು. ಮಕ್ಕಳು ನಾಲ್ಕು ದಿನ ಒಂದೇ ಕಡೆ ಏನು ಮಾಡುತ್ತಾರೆ? ಹಾವು, ಚೇಳು?

ಸ್ಯಾನ್ ಡಿಯೇಗೊದಿಂದ

ಡಿಸೆಂಬರ್‌ನಲ್ಲಿ ಹಾವು, ಚೇಳು ಅಪರೂಪ. ಆದರೂ ಬೆಳಗ್ಗೆ ಶೂ ಕೊಡವಿ ಹಾಕಿಕೊಳ್ಳಲಿ. ನಿಜವಾದ ಶತ್ರು ಚೋಯಾ ಕಳ್ಳಿ. ದೂರದಿಂದ ಉಣ್ಣೆ ಚೆಂಡಿನ ಹಾಗೆ ಮೆತ್ತಗೆ ಕಾಣುತ್ತದೆ. ಮುಟ್ಟಿದರೆ ಉಂಡೆಯೇ ಕಿತ್ತು ಬಂದು ಅಂಟಿಕೊಳ್ಳುತ್ತದೆ. ಮುಳ್ಳಿನ ತುದಿಗೆ ಹಿಮ್ಮುಖ ಕೊಕ್ಕೆ ಇರುತ್ತದೆ. ಕೈಯಿಂದ ಎಳೆದರೆ ಕೈಗೂ ಹತ್ತುತ್ತದೆ. ಒಂದು ಬಾಚಣಿಗೆ ಜೇಬಿನಲ್ಲಿರಲಿ. ಉಂಡೆ ಮತ್ತು ಚರ್ಮದ ನಡುವೆ ಬಾಚಣಿಗೆ ತೂರಿಸಿ ಒಂದೇ ಸಲಕ್ಕೆ ಆಚೆ ಎತ್ತಿ ಎಸೆಯಬೇಕು. ಎದುರಿಗೆ ಯಾರೂ ಇಲ್ಲ ತಾನೆ ಅಂತ ಮೊದಲು ನೋಡಿಕೊಳ್ಳಿ.

ಮಾಡೋದಕ್ಕೆ ಬೇಕಾದಷ್ಟಿದೆ. ಬೊರೆಗೊದಲ್ಲಿ ಕ್ಯಾಂಪ್‌ನಿಂದಲೇ ಪಾಮ್ ಕ್ಯಾನ್ಯನ್‌ಗೆ ನಡೆದು ಹೋಗಬಹುದು. ಬೆಳಗ್ಗೆ ಬೇಗ ಹೋದರೆ ಬಂಡೆಗಳ ಮೇಲೆ ಕೊಂಬಿನ ಕಾಡುಕುರಿ ಕಾಣುತ್ತದೆ. ಊರ ಹೊರಗೆ ತುಕ್ಕು ಕಬ್ಬಿಣದ ದೊಡ್ಡ ದೊಡ್ಡ ಪ್ರಾಣಿಗಳಿವೆ. ಒಂದು ಸರ್ಪವಂತೂ ರಸ್ತೆಯ ಈ ಕಡೆ ಮುಳುಗಿ ಆ ಕಡೆ ಎದ್ದ ಹಾಗೆ ನಿಂತಿದೆ. ರಾತ್ರಿ ಊರಿನಲ್ಲಿ ದೀಪ ಕಡಿಮೆ, ಆಕಾಶಗಂಗೆ ನೋಡಲು ದುರ್ಬೀನು ಬೇಡ.

ಡೆತ್ ವ್ಯಾಲಿಯಲ್ಲಿ ಬ್ಯಾಡ್‌ವಾಟರ್ ಅನ್ನುವ ಉಪ್ಪಿನ ಬಯಲಿಗೆ ಹೋದಾಗ ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿ ಬೆಟ್ಟ ನೋಡಿ. ತುಂಬಾ ಮೇಲೆ, ಬಂಡೆಗೆ ಒಂದು ಸಣ್ಣ ಬಿಳಿ ಬೋರ್ಡ್. 'ಸಮುದ್ರಮಟ್ಟ' ಅಂತ ಬರೆದಿದೆ. ನೀವು ನಿಂತಿರೋದು ಅದಕ್ಕಿಂತ 282 ಅಡಿ ಕೆಳಗೆ. ನಾವು 2023ರ ಡಿಸೆಂಬರ್‌ನಲ್ಲಿ ಹೋದಾಗ ಉಪ್ಪಿನ ಬಯಲೇ ಇರಲಿಲ್ಲ. ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತ ಸುರಿಸಿದ ನೀರು ಇನ್ನೂ ಕೆರೆಯಾಗಿ ನಿಂತಿತ್ತು. ಮಗ ಪ್ಯಾಂಟ್ ಮಡಚಿ ಮೂರು ಗಂಟೆ ಅದರಲ್ಲೇ ನಡೆದ. ಒಣಗಿದ ಮೇಲೆ ಕಾಲಿಗೆಲ್ಲ ಉಪ್ಪಿನ ಬಿಳಿ ಗೆರೆ. ಅದನ್ನು ತೊಳೆಯಲು ಎರಡು ಚೊಂಬು ನೀರು ಹೋಯಿತು, ಅಮ್ಮ ಲೆಕ್ಕ ಹಾಕಿದರು.

ಇನ್ನೊಂದು ಮರೆತೆ. ನಿಮ್ಮ ಅತ್ತೆಗೆ ಊಟಕ್ಕೆ ಮುಂಚೆ ಕಾಗೆಗೆ ಒಂದು ತುತ್ತು ಅನ್ನ ಇಡುವ ಅಭ್ಯಾಸ ಇದೆಯಾ? ನಮ್ಮಮ್ಮನಿಗೆ ಇದೆ. ಅಲ್ಲಿ ರೇವನ್ ಅಂತ ದೊಡ್ಡ ಕಾಗೆಗಳಿವೆ, ಕರೆಯದೆಯೇ ಬರುತ್ತವೆ. ಪಾರ್ಕ್‌ನಲ್ಲಿ ಯಾವ ಪ್ರಾಣಿ ಪಕ್ಷಿಗೂ ತಿನ್ನಿಸುವ ಹಾಗಿಲ್ಲ. ರೇಂಜರ್ ಬಂದು ನಗುನಗುತ್ತಲೇ ಹೇಳಿ ಹೋದರು. ಅಮ್ಮ ಆ ತುತ್ತನ್ನು ತಟ್ಟೆಯ ಅಂಚಿಗೆ ಸರಿಸಿಟ್ಟು, ಊಟ ಮುಗಿಯುವವರೆಗೂ ಕಾಗೆಯ ಕಡೆ ನೋಡಲೇ ಇಲ್ಲ. ಕಾಗೆ ಮಾತ್ರ ಅಲ್ಲಿಂದ ಕದಲಲಿಲ್ಲ. ಕೈ ತೊಳೆಯಲು ಎದ್ದು ಬರುವಷ್ಟರಲ್ಲಿ ಮೇಜಿನ ಮೇಲಿದ್ದ ಚಟ್ನಿಪುಡಿಯ ಪೊಟ್ಟಣ ಹೋಗಿತ್ತು.